ಕಾಲೇಜಿನ ಹಿತ್ತಲು

ನಮ್ಮ ಕಡೆ ಸಂಬಂಧ ನೋಡಲು ಹೋದ ಹೆಂಗಸರು ನಡುಮನೆಯಲ್ಲಿ ಹೆಚ್ಚು ಹೊತ್ತು ಕೂರುವುದಿಲ್ಲ. ಕೈ ತೊಳೆಯಬೇಕು ಅಂತ ಎದ್ದು ಹಿತ್ತಲಿಗೆ ಹೋಗುತ್ತಾರೆ. ಬಚ್ಚಲ ನೀರು ಎಲ್ಲಿಗೆ ಹರಿಯುತ್ತದೆ, ಮುಸುರೆ ಎಲ್ಲಿ ಚೆಲ್ಲುತ್ತಾರೆ ನೋಡಿಕೊಂಡು ಬಂದಮೇಲೆಯೇ ಉಪ್ಪಿಟ್ಟಿಗೆ ಕೈ ಹಾಕುವುದು. ಮಗಳಿಗೆ ಕಾಲೇಜು ಹುಡುಕುವಾಗ ಮಾತ್ರ ಈ ಕೆಲಸ ಹಿಂದುಮುಂದಾಯಿತು.

ಅವಳಿಗೆ ಪರಿಸರವನ್ನೇ ಓದಬೇಕೆಂಬ ಹಟ. ಬಂಡೀಪುರದ ಅಂಚಿನ ನನ್ನ ತವರಿಗೆ ಹೋದರೆ, ಹೊಲದಲ್ಲಿ ಬಿದ್ದ ಆನೆ ಲದ್ದಿಯನ್ನು ಕಡ್ಡಿಯಿಂದ ಕೆದಕಿ, ಯಾವ ಬೀಜ ಇದೆ ಅಂತ ಬರೆದಿಟ್ಟುಕೊಳ್ಳುವವಳು. ನಮ್ಮ ಯಜಮಾನರು ಹೆದ್ದಾರಿ ಪಕ್ಕದ ಹೊಸ ಖಾಸಗಿ ಕಾಲೇಜಿನಿಂದ ಬಣ್ಣದ ಪುಸ್ತಕ ಹಿಡಿದುಕೊಂಡು ಬಂದರು. ಪರಿಸರ ವಿಜ್ಞಾನದ್ದೇ ಡಿಗ್ರಿಯಂತೆ.

"ಸೀಟು ಓಗ್ಬುಡ್ತದೆ ಅಂದ್ರು. ಒರಿಜಿನಲ್ ಮಾರ್ಕ್ಸ್ ಕಾರ್ಡು, ಟಿಸಿ ಎಲ್ಲ ಕೊಟ್ಬುಟ್ಟೆ ಕಣಮ್ಮಿ."

"ಹಿತ್ಲು ನೋಡುದ್ರಾ?"

"ನಾನೇನ್ ಹೆಣ್ಣ್ ಕೇಳಕ್ಕೋಗಿದ್ನಾ?"

ಫೀಸು ಕೇಳಿದಾಗ ನಮ್ಮ ಕೈಗೆ ಎಟುಕುವಂಥದ್ದಲ್ಲ ಎಂದು ಗೊತ್ತಾಯಿತು. ಮಗಳನ್ನು ಕರೆದುಕೊಂಡು ಬೇಗೂರಿನಿಂದ ಬಸ್ಸು ಹತ್ತಿ, ಗುಂಡ್ಲುಪೇಟೆಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಚಾಮರಾಜನಗರದ ಸರ್ಕಾರಿ ಕಾಲೇಜಿಗೆ ಹೋದೆ. ಅಲ್ಲಿ ಪರಿಸರದ ಹೆಸರಿನ ಡಿಗ್ರಿ ಇಲ್ಲ. ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರದ ಬಿಎಸ್ಸಿ ಇದೆ, ಅದರೊಳಗೆ ಪರಿಸರವೂ ಒಂದು ಪಾಠ. ಕಟ್ಟಡದ ಹಿಂದೆ ಒಬ್ಬ ಮೇಡಂ, ನಾಲ್ಕೈದು ಮಕ್ಕಳು ಹೊಂಡದ ನೀರನ್ನು ಟೀ ಸೋಸುವ ಜರಡಿಯಲ್ಲಿ ಸೋಸಿ ಹುಳ ಎಣಿಸುತ್ತಿದ್ದರು. ನನ್ನ ಮಗಳು ಕೇಳದೆಯೇ ಚಪ್ಪಲಿ ಬಿಟ್ಟು ಇಳಿದಳು. ನನ್ನ ಮಟ್ಟಿಗೆ ಅಲ್ಲಿಗೆ ತೀರ್ಮಾನವಾಗಿತ್ತು.

"ನಾಳೆಯೇ ಕೊನೆ ದಿನ. ಒರಿಜಿನಲ್ ಇಲ್ಲದೆ ಸೇರಿಸಿಕೊಳ್ಳೋಕೆ ಆಗಲ್ಲಮ್ಮ" ಎಂದರು ಮೇಡಂ.

ಅಲ್ಲಿಂದ ನೇರ ಹೆದ್ದಾರಿಯ ಕಾಲೇಜಿಗೆ ಬಂದೆವು. ಬಾಗಿಲಿಗೆ ಪ್ಲಾಸ್ಟಿಕ್ ಬಳ್ಳಿ, ಆಫೀಸಿನ ತುಂಬ ರೂಮ್ ಸ್ಪ್ರೇ ವಾಸನೆ. ಅಲ್ಲಿದ್ದಾತ ತಲೆ ಎತ್ತದೆ ಹೇಳಿದ, "ಸೀಟು ಬ್ಲಾಕ್ ಆಗಿದೆ ಮೇಡಂ. ಬೇಕಾದ್ರೆ ಮೂರೂ ವರ್ಷದ ಫೀಸು ಕಟ್ಟಿ ತಗೊಂಡೋಗಿ."

"ನಾವಿನ್ನೂ ಸೇರೇ ಇಲ್ವಲ್ಲ ಸಾರ್."

"ರೂಲ್ಸು."

ಕೈ ತೊಳೆಯಬೇಕು ಅಂತ ಎದ್ದೆ.

ಪರಿಸರ ವಿಭಾಗ ಎಂಬ ಹಸಿರು ಬೋರ್ಡಿನ ಬೆನ್ನಿಗೇ ಮೋರಿ. ಹಳಸಿದ ಅನ್ನ, ಥರ್ಮಾಕೋಲ್ ತಟ್ಟೆ, ಲ್ಯಾಬಿನ ಬಾಟಲಿ, ಹಾಸ್ಟೆಲ್ಲಿನ ಪ್ಯಾಡುಗಳು ಎಲ್ಲ ಒಂದಾಗಿ ಕೊಳೆತು, ಮೇಲೆ ಕಪ್ಪು ಕೆನೆ ಕಟ್ಟಿಕೊಂಡು, ಕೆಳಗಿನ ಕೆರೆಗೆ ಜಾರುತ್ತಿದ್ದವು. ಆ ನೀರಿಗೆ ಯಾರದೋ ಎಮ್ಮೆ ಬಾಯಿ ಹಾಕಿತ್ತು. ಮೂವತ್ತು ವರ್ಷ ಕೊಟ್ಟಿಗೆ ಬಾಚಿದವಳು ನಾನು, ಸಗಣಿ ಗಂಜಲಕ್ಕೆ ಮೂಗು ಮುಚ್ಚಿದವಳಲ್ಲ. ಅಲ್ಲಿ ಸೆರಗು ಮೂಗಿಗೆ ಹೋಯಿತು. ಇದನ್ನು ಮುಂದುಗಡೆಯ ಸ್ಪ್ರೇ ವಾಸನೆಯಲ್ಲಿ ಮುಚ್ಚಿಟ್ಟು, ಮಕ್ಕಳಿಗೆ ಪರಿಸರ ಹೇಳಿಕೊಡುತ್ತೇವೆ ಎನ್ನುವ ಬಾಯಿ ನೆನೆದರೆ ಇನ್ನಷ್ಟು ಅಸಹ್ಯವಾಯಿತು.

ಮಗಳ ನೀರಿನ ಬಾಟಲಿ ಖಾಲಿ ಮಾಡಿ ಆ ಮೋರಿಯದನ್ನೇ ತುಂಬಿಕೊಂಡೆ. ಒಳಗೆ ಬಂದು ಮುಚ್ಚಳ ತೆಗೆದು ಆತನ ಗಾಜಿನ ಟೇಬಲ್ಲಿನ ಮೇಲಿಟ್ಟು ಕುರ್ಚಿಯಲ್ಲಿ ಕೂತೆ.

"ಏನಮ್ಮಾ ಇದು?"

"ನಿಮ್ದೇ ಸಾರ್. ಕಾರ್ಡು ಸಿಗೋಗಂಟ ಇಲ್ಲೇ ಇರ್ಲಿ. ನಮ್ಗೇನೂ ಅರ್ಜೆಂಟಿಲ್ಲ."

ಆತ ಎರಡು ಸಲ ಸ್ಪ್ರೇ ಹೊಡೆದ. ವಾಸನೆ ಇನ್ನೂ ಕೆಟ್ಟಿತು. ಸೀಟು ಕೇಳಲು ಕಾರಿನಲ್ಲಿ ಬಂದಿದ್ದ ಒಬ್ಬ ತಂದೆ ಬಾಗಿಲಲ್ಲೇ ನಿಂತು, "ಚರಂಡಿ ಏನಾದ್ರೂ ಒಡೆದಿದೆಯಾ?" ಎಂದು ಕೇಳಿದರು. ನಾನು ಬಾಟಲಿ ತೋರಿಸಿ, "ಇಲ್ಲಿಯ ಹಿತ್ಲುದು" ಎಂದೆ. ಸ್ವಲ್ಪ ಹೊತ್ತಿಗೆ ಬೀರು ತೆರೆದ ಸದ್ದಾಯಿತು. ಲಕೋಟೆ ನನ್ನ ಮುಂದೆ ಬಿತ್ತು. ಒಂದೊಂದೇ ಹಾಳೆ ತೆಗೆದು ನೋಡಿಯೇ ಎದ್ದೆ.

"ಅದನ್ನ ತಗೊಂಡೋಗಿ" ಎಂದ ಆತ, ಮೂಗು ಹಿಡಿದು.

ಹೊರಗೆ ಬಂದಮೇಲೆ ಮಗಳಿಗೆ ಹೇಳಿದೆ, "ಅತ್ತಗೆ ಚೆಲ್ಲಮ್ಮಿ ಅದ."

"ಬ್ಯಾಡ ಕಣವ್ವ, ಇದ್ರಲ್ಲೂ ಹುಳ ಅವೆ. ನಾಳೆ ಆ ಮೇಡಮ್ಮಿಗೆ ತೋರುಸ್ತೀನಿ."

ಬೇಗೂರು ಬರುವ ತನಕ ಲಕೋಟೆ ನನ್ನ ಮಡಿಲಲ್ಲಿತ್ತು, ಬಾಟಲಿ ಅವಳ ಮಡಿಲಲ್ಲಿ. ನಾನು ಕಿಟಕಿಗೆ ಮುಖ ಕೊಟ್ಟು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬಂದೆ.