ಎಣ್ಣೆ ಕುಡಿಯುವ ಎಂಜಿನ್

ಬೀದಿಯ ತಿರುವಿನಲ್ಲಿ ಜೇನುಹುಳುಗಳ ಹಿಂಡಿನಂಥ ಗುಂಯ್ಗುಟ್ಟುವ ಸದ್ದು ಕೇಳಿದ್ದೇ ಕಿವಿಮಾಮನ ಕೈಯಲ್ಲಿದ್ದ ಚಹಾ ತುಳುಕಿತು. ಮಗಳ ಕಾರು ಬರುತ್ತಿತ್ತು.

ಎಂಜಿನ್ನಿನ ಕಾಯಿಲೆಯನ್ನು ಸದ್ದಿನಿಂದಲೇ ಹಿಡಿಯುತ್ತಾನೆಂದು ಜನ ಇಟ್ಟ ಹೆಸರು ಕಿವಿಮಾಮ. ಅವನ ಅರ್ಧ ಆಯುಷ್ಯ ಬಾಕ್ಸರ್ ಎಂಜಿನ್ನುಗಳ ಕೆಳಗೇ ಕಳೆದಿತ್ತು. ಪಿಸ್ಟನ್ನುಗಳು ಎಡಬಲಕ್ಕೆ ಮಲಗಿ ಗುದ್ದಾಡುವ, ಕಾರನ್ನು ನೆಲಕ್ಕಂಟಿಸಿ ಓಡಿಸುವ ಎಂಜಿನ್ ಅದು. ಪ್ಲಗ್ ಬಿಚ್ಚಲು ಕೈ ತೂರುವುದಿಲ್ಲ, ಆದರೆ ನಂಬಿದವರ ಕೈ ಬಿಡುವುದಿಲ್ಲ. ಎಣ್ಣೆ ಇಳಿಯಿತೆಂದರೆ ಎಲ್ಲೋ ಸೋರುತ್ತಿದೆ, ಅಷ್ಟೆ.

ಮಗಳು ಕೊಂಡ ಹಳೆಯ ಕಾರಿನದು ರೋಟರಿ. ಪಿಸ್ಟನ್ನೇ ಇಲ್ಲ, ಮೂರು ಮೂಲೆಯ ರೋಟರ್ ಗಿರ್ರನೆ ತಿರುಗುತ್ತದೆ. ಅಂಗೈಯಗಲದ ಎಂಜಿನ್, ಬಾಣದಂಥ ಓಟ. ಎಣ್ಣೆ ಮಾತ್ರ ಇಳಿಯುತ್ತಲೇ ಇತ್ತು. ನಿನ್ನೆ ಅವನು ಎಣ್ಣೆಯನ್ನು ಒಳಕ್ಕೆ ಒಯ್ಯುವ ಸಣ್ಣ ಕೊಳವೆಯೊಂದನ್ನು ಹುಡುಕಿ, ಅದರ ಬಾಯಿ ಮುಚ್ಚಿ, ಮೀಸೆ ತಿರುವಿದ್ದ.

ಈಗಷ್ಟೇ ಬಿಡಿಭಾಗದ ಅಂಗಡಿಯ ಗೆಳೆಯ ಫೋನಿನಲ್ಲಿ ನಕ್ಕಿದ್ದ. "ಮುಚ್ಚಿಬಿಟ್ಯಾ? ಒಳ್ಳೆ ವೈದ್ಯ ನೀನು. ರೋಟರ್ ಮೂಲೆಯಲ್ಲಿ ಗೋಡೆಗೆ ಉಜ್ಜೋ ಸೀಲ್ ಪಟ್ಟಿಗಳಿಗೆ ಎಣ್ಣೆ ಹೋಗೋದೇ ಅಲ್ಲಿಂದ ಕಣೋ. ಎಣ್ಣೆ ಸುಡೋದು ಅದರ ಹುಟ್ಟುಗುಣ. ಪೆಟ್ರೋಲ್ ಹಾಕಿಸಿದಾಗಲೆಲ್ಲ ನೋಡಿ ಸುರೀಬೇಕು. ಸೀಲ್ ಒಣಗಿದ್ರೆ ಓಡ್ತಾ ಓಡ್ತಾನೇ ನಿಂತುಬಿಡುತ್ತೆ."

"ಹೆದ್ದಾರೀಲಾದ್ರೆ?"

ಗೆಳೆಯನ ನಗು ನಿಂತಿತ್ತು. "ಹಿಂದೆ ಲಾರಿ ಇರಬಾರದು, ಅಷ್ಟೆ."

ಕಾರು ಬಾಗಿಲಿಗೆ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಮೊಮ್ಮಗಳು ನಿದ್ದೆಹೋಗಿದ್ದಳು. ಅಮ್ಮನನ್ನು ಹತ್ತಿಸಿಕೊಂಡು ಮಗಳು ಹೆದ್ದಾರಿ ಹಿಡಿಯುವವಳಿದ್ದಳು.

"ಒಂದು ತೊಟ್ಟೂ ಇಳಿದಿಲ್ಲಪ್ಪಾ," ಎಂದಳು ಅವಳು ಕಿಟಕಿಯಿಂದ. "ಕಿವಿಮಾಮ ಅಂದ್ರೆ ಸುಮ್ನೇನಾ?"

ಅವನು ಬಾನೆಟ್ಟಿನತ್ತ ಬಾಗಿದ. ಕಿವಿಗೊಟ್ಟು ಕೇಳಿದ. ಸೀಲುಗಳು ಸವೆದಿವೆಯೋ ಉಳಿದಿವೆಯೋ, ಆ ನುಣುಪು ಸದ್ದು ಏನನ್ನೂ ಹೇಳಲಿಲ್ಲ.

"ಇವತ್ತು ಬೇಡಮ್ಮ."

"ಯಾಕೆ, ಬೆಕ್ಕು ಅಡ್ಡ ಬಂತಾ?"

"ದೆವ್ವ ಕಂಡವರ ಹಾಗೆ ನಿಂತಿದಾರೆ ನೋಡು," ಎಂದು ಹೆಂಡತಿ ಚೀಲ ಹಿಡಿದು ಕಾರಿನ ಬಾಗಿಲಿಗೆ ಕೈಹಾಕಿದಳು.

ಕಿವಿಮಾಮ ಕಿಟಕಿಯೊಳಗೆ ಕೈ ತೂರಿಸಿ ಕೀಲಿ ತಿರುಗಿಸಿದ. ಸದ್ದು ಅಡಗಿತು. ಕೀಲಿಯನ್ನು ಕಿತ್ತು ಮುಷ್ಟಿಯಲ್ಲಿ ಬಿಗಿಹಿಡಿದ.

"ನಿನ್ನೆ ನಾನು ಮುಚ್ಚಿದ್ದು ಸೋರಿಕೆಯಲ್ಲಮ್ಮ, ತಪ್ಪು ಮಾಡಿದೆ," ಎಂದ. ಮುಖ ನೋಡಲಾಗದೆ ಷೆಡ್ಡಿನ ಕಡೆ ಹೆಜ್ಜೆ ಹಾಕುತ್ತಲೇ, "ಮಗೂನ ಇಳಿಸು, ಮೊದಲು ಅದನ್ನ ಬಿಚ್ಚಬೇಕು, ಒಳಗೆ ಸೀಲ್ ಏನಾದ್ರೂ ಆಗಲೇ ಒಣಗಿದ್ರೆ ಈ ಕಾರು ರಸ್ತೆಗಿಳಿಯಲ್ಲ," ಎಂದ.