ಬಾಯಿ ಕಟ್ಟಿಸಿಕೊಂಡ ಇಂಜಿನಿಯರ್

ನನ್ನ ಸೋದರಮಾವ ಫಕ್ಕೀರೇಶ ಅವರದು ರಾಣೇಬೆನ್ನೂರಿನಲ್ಲಿ ಬೆಳೆಗೆ ಔಷಧ ಹೊಡೆಯುವ ಪಂಪುಗಳ ರಿಪೇರಿ ಅಂಗಡಿ. ಮನೆ ಹಲಗೇರಿಯಲ್ಲಿ. ನಾನು ಶಾಲೆ ಬಿಟ್ಟಾಗ ಎಲ್ಲರೂ ಯಾಕೆ ಎಂದು ಕೇಳಿದರು. ಮಾಮಾ ಕೇಳಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಹುರಿದ ಶೇಂಗಾ ಕೊಟ್ಟರು. ಆ ಉಪಕಾರ ನಾನು ಮರೆತಿಲ್ಲ.

ಮಾಮನಿಗೆ ಉಗ್ಗು. ಗಿರಾಕಿ ಬಂದರೆ ಪಂಪು ಬಿಚ್ಚಿ, ಹರಿದ ವಾಷರ್ ತೆಗೆದು ಅಂಗೈಯಲ್ಲಿಟ್ಟು ತೋರಿಸುತ್ತಿದ್ದರು. ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಊರಿನ ಯುವಕ ಮಂಡಳದ ನಾಟಕ ಎಂದರೆ ಅವರಿಗೆ ಜೀವ. ಪರದೆ ಕಟ್ಟುವುದು, ಕತ್ತಿಗೆ ಬಣ್ಣ ಬಳಿಯುವುದು ಎಲ್ಲ ಅವರದೇ. ಜನರ ಮುಂದೆ ಮಾತ್ರ ನಿಂತವರಲ್ಲ. ಸಣ್ಣವರಿದ್ದಾಗ ಶಾಲೆಯ ನಾಟಕದಲ್ಲಿ ದೂತನ ಪಾತ್ರ ಮಾಡಿ, ‘ಮಹಾಪ್ರಭು’ ಎನ್ನಲು ಹೋಗಿ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡಿದ್ದರಂತೆ. ಆ ದಿನದ ನಗು ಅವರ ಕಿವಿಯಲ್ಲಿ ಉಳಿದುಬಿಟ್ಟಿತ್ತು.

೨೦೦೬ರಲ್ಲಿ, ಕಿರಾಣಿ ಅಂಗಡಿಯ ಪ್ರಭುಲಿಂಗಪ್ಪನವರು ಹೊಸ ನಾಟಕ ಬರೆದರು. ಅವರು ಅದುವರೆಗೆ ಬರೆದದ್ದೆಲ್ಲ ಅಣ್ಣತಮ್ಮಂದಿರ ಜಗಳದ ಕಥೆ. ಈ ಸಲ ಆಕಾಶಕ್ಕೆ ಹಾರಿದ್ದರು. ‘ವರದಾ’ ಎಂಬ ನಕ್ಷತ್ರನೌಕೆ ಸೂರ್ಯನ ಬೆಳಕೂ ಮುಟ್ಟದಷ್ಟು ದೂರದಲ್ಲಿ ಹೋಗುತ್ತಿರುತ್ತದೆ. ದರೋಡೆಕೋರರು ನುಗ್ಗಿ ಇಂಜಿನಿಯರನನ್ನು ಒತ್ತೆ ಹಿಡಿಯುತ್ತಾರೆ. ಅವರು ಕೇಳುವ ಇಂಧನ ಕೊಟ್ಟರೆ ಯಾರೂ ಭೂಮಿಗೆ ಮರಳುವಂತಿಲ್ಲ. ಕೊಡದಿದ್ದರೆ ಇಂಜಿನಿಯರನ ಜೀವ ಹೋಗುತ್ತದೆ. ದರೋಡೆಕೋರರ ಬಂದೂಕಿನಲ್ಲಿ ಗುಂಡೇ ಇಲ್ಲ ಎಂಬುದು ಇಂಜಿನಿಯರನಿಗೆ ಗೊತ್ತಾಗಿಬಿಟ್ಟಿದೆ. ಅದಕ್ಕೇ ಅವನ ಬಾಯಿಗೆ ಬಟ್ಟೆ ಕಟ್ಟಿರುತ್ತಾರೆ.

“ಫಕ್ಕೀರೇಶ, ಈ ಪಾರ್ಟು ನೀನ ಮಾಡಬೇಕು,” ಎಂದರು ಪ್ರಭುಲಿಂಗಪ್ಪ. “ಒಂದು ಮಾತಿಲ್ಲ. ಬರೇ ಕಣ್ಣಾಗ ಅಂಜಿಕಿ ತೋರಿಸಿದ್ರ ಸಾಕು.”

ಮಾಮಾ ಕೇಳಿದರು: “ಆ... ಆಯೇರಿ ಮಾಡಿದ್ರ?”

ನಾಟಕ ಮೆಚ್ಚಿದವರು ನಡುವೆಯೇ ಸ್ಟೇಜು ಹತ್ತಿ ಪಾತ್ರಧಾರಿಗೆ ಟವೆಲ್ಲು, ಕಾಯಿ ಕೊಡುವುದು ನಮ್ಮ ಕಡೆಯ ಪದ್ಧತಿ. ಅದಕ್ಕೇ ಆಯೇರಿ ಎನ್ನುವುದು. ಅಷ್ಟು ಹೊತ್ತು ಆಟ ನಿಲ್ಲುತ್ತದೆ. ಆಯೇರಿ ಪಡೆದವರು ಮೈಕಿನಲ್ಲಿ ಎರಡು ಮಾತು ಹೇಳಲೇಬೇಕು.

“ನಿನಗ ಯಾರೂ ಮಾಡದಂಗ ಊರಿಗೆಲ್ಲಾ ಹೇಳಿಡ್ತೇನಿ,” ಎಂದರು ಪ್ರಭುಲಿಂಗಪ್ಪ.

“ನಾನಂತೂ ಮಾಡಂಗಿಲ್ಲ ಬಿಡ್ರಿ,” ಎಂದರು ಮಾಮನ ಹೆಂಡತಿ ಹೊಳಿಯವ್ವ ಅತ್ತೆ. “ಇವರ ಟವೆಲ್ಲು ತೊಳದು ತೊಳದು ನನಗ ಸಾಕಾಗೇತಿ.”

ಆ ಮಾತಿನ ಮೇಲೆ ಮಾಮಾ ಒಪ್ಪಿದರು. ನೌಕೆಯನ್ನೂ ಅವರೇ ಕಟ್ಟಿದರು. ಬೀಜದ ಪೊಟ್ಟಣಗಳ ಬೆಳ್ಳಿ ಬಣ್ಣದ ಒಳಮೈಯನ್ನು ಹೊರಗೆ ಮಾಡಿ ಗೋಡೆಗೆ ಅಂಟಿಸಿದರು. ಹಳೆಯ ಪಂಪುಗಳನ್ನು ಆಮ್ಲಜನಕದ ಡಬ್ಬಿಗಳೆಂದು ಎಲ್ಲರ ಬೆನ್ನಿಗೆ ಕಟ್ಟಿದರು.

“ಮಾಮಾ, ಇದರಾಗ ಇನ್ನೂ ಔಷಧದ ವಾಸನಿ ಐತಿ,” ಎಂದ ದರೋಡೆಕೋರರ ನಾಯಕನ ಪಾತ್ರದ ಮಾಲತೇಶ. “ಈ ಗಾಳಿ ಕುಡದು ನಾ ಹಲಗೇರಿ ದಾಟೂದಿಲ್ಲ, ಆಕಾಶ ಎಲ್ಲೀದು?” ಮಾಮಾ ಮತ್ತೊಮ್ಮೆ ಸೋಪು ಹಾಕಿ ತೊಳೆದು ಕೊಟ್ಟರು.

ರಾತ್ರಿ ಕರೆಂಟಿನ ಭರವಸೆ ಇರಲಿಲ್ಲವೆಂದು ಮಧ್ಯಾಹ್ನವೇ ನಾಟಕ ಇಟ್ಟರು. ಮೈಕಿಗೆ ಟ್ರ್ಯಾಕ್ಟರಿನ ಬ್ಯಾಟರಿ ಸಾಕಾಯಿತು. ಕೈ ಮುಂದೆ ಕಟ್ಟಿ, ಬಾಯಿಗೆ ಬಟ್ಟೆ ಬಿಗಿದು ಕೂರಿಸಿದ್ದ ಮಾಮನ ಕಣ್ಣು ನೋಡಿ ಮುಂದಿನ ಸಾಲಿನ ಮುದುಕಿಯರು ಸೆರಗಿನಿಂದ ಮೂಗು ಒರೆಸಿಕೊಂಡರು. ಕ್ಯಾಪ್ಟನ್ ಆಗಿದ್ದ ಶಶಿಕಾಂತ ಇಂಧನದ ಕೀಲಿ ಹಿಡಿದು ಕೊಡಲೋ ಬೇಡವೋ ಎಂದು ಅತ್ತಿಂದಿತ್ತ ತಿರುಗುತ್ತಿದ್ದ. ಹುಡುಗರು ತಡೆಯಲಾರದೆ, “ಗುಂಡಿಲ್ಲೋ ಶಶ್ಯಾ, ಕೊಡಬ್ಯಾಡೋ,” ಎಂದು ಕೂಗುತ್ತಿದ್ದರು. ಪುಸ್ತಕದ ಪ್ರಕಾರ ಅವನಿಗೆ ಅದು ಕೇಳಿಸುವಂತಿರಲಿಲ್ಲ.

ಆಗ ಜೈತೂನಬಿ ಸ್ಟೇಜು ಹತ್ತಿದರು.

ಆಯೇರಿ ಬೇಡವೆಂದು ಪ್ರಭುಲಿಂಗಪ್ಪ ಹಲಗೇರಿಗೆಲ್ಲ ಹೇಳಿದ್ದರು, ಮೇಡ್ಲೇರಿಗೆ ಹೇಳಿರಲಿಲ್ಲ. ಜೈತೂನಬಿ ಮೇಡ್ಲೇರಿಯಲ್ಲಿ ಒಬ್ಬರೇ ಕಮತ ನಡೆಸುವ ಹೆಂಗಸು. ಫಕ್ಕೀರೇಶ ಬಣ್ಣ ಹಚ್ಚುತ್ತಾರೆಂದು ಕೇಳಿ ಟವೆಲ್ಲು, ಕಾಯಿ ಹಿಡಿದು ಟ್ರ್ಯಾಕ್ಟರಿನಲ್ಲಿ ಬಂದಿದ್ದರು.

“ತಮ್ಮಾ, ಬಂದೂಕ ಸ್ವಲ್ಪ ಆಕಡೆ ಹಿಡಿ,” ಎಂದು ಮಾಲತೇಶನನ್ನು ಸರಿಸಿ ಮೈಕಿನ ಮುಂದೆ ನಿಂತರು. “ನನ್ನ ಮೆಣಸಿನ ಗಿಡಕ್ಕ ನುಸಿ ಬಿದ್ದಿತ್ತು. ಪಂಪು ಕೆಟ್ಟು ಕುಂತಿತ್ತು. ಈ ತಮ್ಮ ಉಣ್ಣಾಕ ಕುಂತಾವ ಎದ್ದು ಬಂದು ರಿಪೇರಿ ಮಾಡಿಕೊಟ್ಟ. ಬೆಳಿ ಉಳೀತು. ಅಂಗಡ್ಯಾಗ ಹೇಳಾಕ ಹೋದ್ರ ತಲಿ ತಗ್ಗಿಸಿ ಒಳಗ ಹೊಕ್ಕೊಂತಾನ. ಇವತ್ತ ಕಟ್ಟಿಹಾಕ್ಯಾರ, ಓಡಿಹೋಗಂಗಿಲ್ಲ.”

ಜನ ನಕ್ಕರು. ಅವರು ಮಾಮನ ಹೆಗಲಿಗೆ ಟವೆಲ್ಲು ಹೊದಿಸಿದರು. ಯಾರೋ ಮೈಕನ್ನು ಮಾಮನ ಮುಂದೆ ತಂದಿಟ್ಟರು. “ಮಾತಾಡ್ಲಿ,” ಎಂದು ಹಿಂದಿನಿಂದ ಕೂಗಿದರು. ಈಗ ಮಾಮನ ಕಣ್ಣಲ್ಲಿದ್ದ ಅಂಜಿಕೆ ನಾಟಕದ್ದಲ್ಲ. ಹೆಂಗಸರ ನಡುವೆ ಅತ್ತೆ ಎದ್ದು ನಿಂತರು.

ಮಾಲತೇಶನಿಗೆ ತಿಳಿಯಿತು. ಬಂದೂಕು ಎತ್ತಿ, ಪುಸ್ತಕದಲ್ಲಿ ಇಲ್ಲದ ಮಾತನ್ನು ಪುಸ್ತಕದ ದನಿಯಲ್ಲಿ ಗುಡುಗಿದ: “ಈ ಒತ್ತೆಯಾಳಿನ ಬಾಯಿ ಬಿಚ್ಚಿದರೆ ನೌಕೆಯನ್ನೇ ಸುಟ್ಟುಬಿಡುತ್ತೇನೆ.”

ಚಪ್ಪಾಳೆ ಬಿತ್ತು. ಜೈತೂನಬಿ ಇಳಿಯಲು ತಿರುಗಿದರು. ಮಾಮಾ ಸುಮ್ಮನಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವರು ಕಟ್ಟಿದ್ದ ಎರಡೂ ಕೈ ಎತ್ತಿ ಬಾಯಿಯ ಬಟ್ಟೆಯನ್ನು ತಾವೇ ಕೆಳಗೆ ಎಳೆದರು.

“ಜೈ... ಜೈ...”

ಮೂಲೆಯಲ್ಲಿ ಯಾರೋ ನಕ್ಕರು. ಜೈತೂನಬಿ ಮರಳಿ ಬಂದು, ಕೊಡ ತುಂಬಲಿ ಎಂದು ನಲ್ಲಿಯ ಮುಂದೆ ಕಾಯುವವರ ಹಾಗೆ ಸಮಾಧಾನದಿಂದ ನಿಂತರು.

“ಜೈತೂನಬಿ ಅಕ್ಕಾರ, ನಿಮ್ಮ ಉ... ಉಪಕಾರ. ನಾ ಬರೇ ವಾ... ವಾಷರ್ ಹಾಕಿದ್ದೆ. ನೀವು ಅದನ್ನ ನೆ... ನೆನಪಿಟ್ಟು ಬಂದ್ರಿ.”

ಈ ಸಲ ಯಾರೂ ನಗಲಿಲ್ಲ. ಜೈತೂನಬಿ ಇಳಿದು ಹೋದ ಮೇಲೆ ಮಾಲತೇಶ ಬಟ್ಟೆ ಮತ್ತೆ ಕಟ್ಟಲು ಬಂದ. ಮಾಮಾ ಅವನನ್ನು ತಡೆದು ಕ್ಯಾಪ್ಟನ್ ಕಡೆ ತಿರುಗಿದರು.

“ಕ್ಯಾಪ್ಟನ್ನರ, ಇವನ ಬಂ... ಬಂದೂಕಿನ್ಯಾಗ ಗುಂಡಿಲ್ಲ.”

ಹುಡುಗರು ಎದ್ದು ಕುಣಿದರು. ಮಾಲತೇಶನಿಗೆ ಬೇರೆ ದಾರಿ ಇರಲಿಲ್ಲ. ಬಂದೂಕು ಕೆಳಗಿಟ್ಟು ಕೈ ಎತ್ತಿದ. ಇನ್ನೂ ಒಂದು ದೃಶ್ಯ ಬಾಕಿ ಇರುವಾಗಲೇ ಪರದೆ ಬಿತ್ತು.

“ನನ್ನ ದೊಡ್ಡ ಭಾಷಣ ಹೋತಲ್ಲೋ ಮಾಮಾ,” ಎಂದು ಶಶಿಕಾಂತ ಪರದೆಯ ಹಿಂದೆ ಕೊರಗಿದ. “ಎಮ್ಮಿ ಕಾಯ್ಕೊಂತ ಬಾಯಿಪಾಠ ಮಾಡಿದ್ದೆ.”

“ನೀ ಕೀ... ಕೀಲಿ ಕೊಡಾಕ ಹೊಂಟಿದ್ದಿ,” ಎಂದರು ಮಾಮಾ.

ಅವರ ಉಗ್ಗು ಹೋಗಿಲ್ಲ. ಆದರೆ ಈಗ ಗಿರಾಕಿಗೆ ಬರೀ ವಾಷರ್ ತೋರಿಸಿ ಸುಮ್ಮನಾಗುವುದಿಲ್ಲ. ಯಾಕೆ ಕೆಟ್ಟಿತು, ಹೇಗೆ ಇಟ್ಟುಕೊಳ್ಳಬೇಕು ಎಂದು ನಿಧಾನವಾಗಿ ಕೊನೆಯತನಕ ಹೇಳುತ್ತಾರೆ. ಗಿರಾಕಿಗಳೂ ನಿಂತು ಕೇಳುತ್ತಾರೆ.

ಅಂದು ಸಂಜೆ ಮನೆಗೆ ಬಂದಾಗ ಅತ್ತೆ ಅವರ ಹೆಗಲಿನಿಂದ ಟವೆಲ್ಲು ತೆಗೆದುಕೊಂಡರು. “ತೊಳ್ಯಾಕ ಮತ್ತೊಂದು ಬಂತು,” ಎಂದು ಬೈಯುತ್ತಲೇ ಅದನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ, ಟ್ರಂಕಿನಲ್ಲಿ ತಮ್ಮ ಮದುವೆಯ ಸೀರೆಯ ಮೇಲೆ ಇಟ್ಟರು.