ಅಕ್ಕಡಿ ಸಾಲಿನ ದಾವೆ

ನಮ್ಮ ತೋಟದ ಎಲ್ಲೆಕಲ್ಲುಗಳನ್ನು ಕಿತ್ತವರು ಯಾರು ಎಂದು ಯಾರಾದರೂ ಕೇಳಿದರೆ ನಾನು ಸ್ವಲ್ಪ ಹೆಮ್ಮೆಯಿಂದಲೇ 'ನಾನು' ಎನ್ನುತ್ತೇನೆ. ಹಾರೆಯ ತಣ್ಣನೆಯ ಹಿಡಿ, ಕಲ್ಲು ಅಲುಗಿದಾಗ ಬುಡದಿಂದ ಚೆಲ್ಲಾಪಿಲ್ಲಿಯಾದ ಇರುವೆಗಳು, ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ತೊಂದರೆ ಏನೆಂದರೆ, ಪಕ್ಕದ ಮನೆಯ ಗೌರಮ್ಮನಿಗೂ ಅದೇ ಹಾರೆ, ಅದೇ ಇರುವೆಗಳು ನೆನಪಿವೆ. ಆದರೆ ಅವರ ನೆನಪಿನಲ್ಲಿ ಹಾರೆ ಇರುವುದು ಅವರ ಕೈಯಲ್ಲಿ. ಎದುರು ಮನೆಯ ಅಮೀರ್ ಸಾಬರು ನಮ್ಮಿಬ್ಬರ ಮಾತನ್ನೂ ಪೂರ್ತಿ ಕೇಳಿಸಿಕೊಂಡು ನಗುತ್ತಾರೆ. "ಹಾರೆ ನಂದು ಮೇಡಂ. ಬೇರೆಯೋರ ಕೈಯಲ್ಲಿ ಅದು ಕೆಲಸ ಮಾಡ್ತದಾ?"

ನಾನು ದಿನಚರಿ ಬರೆಯುವವಳು. ಆದ್ದರಿಂದ ಈ ಜಗಳವನ್ನು ಒಂದು ನಿಮಿಷದಲ್ಲಿ ಬಗೆಹರಿಸಬಹುದೆಂದು ಹೋಗಿ ಆ ದಿನದ ಪುಟ ತೆರೆದೆ. ಹಾಲು ಒಡೆಯಿತು ಎಂದಿದೆ. ಮಧ್ಯಾಹ್ನ ವಿಪರೀತ ಸೆಕೆ ಎಂದಿದೆ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು ಇತಿಹಾಸಕ್ಕೆ ಬಿಟ್ಟುಹೋಗುವ ಸಾಕ್ಷ್ಯ ಇಷ್ಟೇ. ರಾಜರ ಕಾಲದ ವಿಷಯದಲ್ಲಿ ನಾನು ತರಗತಿಯಲ್ಲಿ ಆಡಿದ ಮಾತುಗಳನ್ನೆಲ್ಲ ಅಂದಿನಿಂದ ಸ್ವಲ್ಪ ಅನುಮಾನದಿಂದ ನೋಡುತ್ತಿದ್ದೇನೆ.

ನಮ್ಮ ಬೀದಿ ಇರುವುದು ರಾಮನಗರದಲ್ಲಿ, ಬಂಡೆಗಳ ನೆರಳು ಸಂಜೆಗೆ ಬಂದು ಮಲಗುವ ಕಡೆ. ಬೀದಿಯ ಕೊನೆಗೆ ನಗರಸಭೆಯ ಒಂದು ಖಾಲಿ ಜಾಗವಿತ್ತು. ನಕ್ಷೆಯಲ್ಲಿ ಅದು ಉದ್ಯಾನವನ. ನೆಲದ ಮೇಲೆ ಪಾರ್ಥೇನಿಯಂ, ಒಡೆದ ಕಮೋಡು, ಒಂದು ಮುದಿ ನಾಯಿ. ಯಾರೋ ಪುಣ್ಯಾತ್ಮ ಅಧಿಕಾರಿ ಅದನ್ನು ಮೂರು ಚೌಕ ಮಾಡಿಸಿ, ಮೂಲೆಮೂಲೆಗೆ ಸುಣ್ಣ ಬಳಿದ ಕಲ್ಲು ನೆಡಿಸಿ, ತರಕಾರಿ ಬೆಳೆದುಕೊಳ್ಳಿ ಎಂದು ಬೀದಿಯ ನಮ್ಮ ಮೂರು ಮನೆಗಳಿಗೆ ಹಂಚಿಕೆ ಮಾಡಿದರು. ಷರತ್ತುಗಳಿದ್ದವು: ಅವರವರ ಚೌಕವನ್ನು ಅವರವರೇ ಮಾಡಬೇಕು, ಕಲ್ಲು ಕದಲಿಸಬಾರದು. ನಾವು ಸಂತೋಷವಾಗಿ ಸಹಿ ಹಾಕಿದೆವು. ಸಂತೋಷದಲ್ಲಿ ಸಹಿ ಹಾಕುವವರು ಷರತ್ತು ಓದುವುದಿಲ್ಲ. ಓದಿದವರಿಗೆ ಸಂತೋಷ ಉಳಿಯುವುದಿಲ್ಲ.

ಮೊದಲ ವರ್ಷ ಅವರವರ ಚೌಕದಲ್ಲಿ ಅವರವರು ಕುಕ್ಕರುಗಾಲಲ್ಲಿ ಕೂತು, ಅಕ್ಕಪಕ್ಕದವರಿಗೆ ಬೆನ್ನು ಮಾಡಿ, ನೆಲ್ಲಿಕಾಯಿ ಗಾತ್ರದ ಟೊಮ್ಯಾಟೊ ಬೆಳೆದೆವು. ಎರಡನೆಯ ವರ್ಷ ಮುಂಗಾರು ಬಿದ್ದಾಗ ಗೌರಮ್ಮ ಸೊಂಟಕ್ಕೆ ಕೈಯಿಟ್ಟು ನಿಂತು ಸುತ್ತ ನೋಡಿದರು. ಅವರು ದೊಡ್ಡಆಲಹಳ್ಳಿಯ ಕಡೆಯವರು. "ಇದೇನ್ ಮೇಡಂ ಇದು, ಚೌಕಾಬಾರದ ಮಣೆ ಇದ್ದಂಗೈತೆ! ಹೊಲ ಅಂದ್ಮೇಲೆ ರಾಗಿ ಹಾಕ್ಬೇಕು. ರಾಗಿ ಅಂದ್ಮೇಲೆ ಅಕ್ಕಡಿ ಬ್ಯಾಡ್ವಾ?"

ಅಕ್ಕಡಿ ಸಾಲು ಗೊತ್ತಲ್ಲ? ರಾಗಿಯ ನಡುವೆ ಅಷ್ಟಷ್ಟು ದೂರಕ್ಕೊಂದು ಸಾಲು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು ಹಾಕುವುದು. ಅದು ಹೊಲದ ಈ ತುದಿಯಿಂದ ಆ ತುದಿಗೆ ಬೈತಲೆಯ ಹಾಗೆ ನೇರವಾಗಿ ಹೋಗಬೇಕು. ಗೌರಮ್ಮನ ಪ್ರಕಾರ ರಾಗಿಯನ್ನು ಪಾಲು ಮಾಡಬಹುದು, ಅಕ್ಕಡಿಯನ್ನು ಪಾಲು ಮಾಡಬಾರದು. ಅದು ಅಡುಗೆಮನೆಯ ಸೊತ್ತು. ಒಲೆಯ ಮೇಲೆ ಎಸರಿಟ್ಟು ಬಂದವರು ಕಿತ್ತುಕೊಂಡು ಹೋಗಬೇಕು. ಸಾಲು ನೇರ ಬರಲೆಂದು ಅಮೀರ್ ಸಾಬರು ಒಂದು ಲಡಿ ರೇಷ್ಮೆ ನೂಲು ತಂದು ಈ ತುದಿಯಿಂದ ಆ ತುದಿಗೆ ಬಿಗಿದು ಕಟ್ಟಿದರು. ನೂಲಿನ ದಾರಿಗೆ ಕಲ್ಲುಗಳು ಅಡ್ಡ ಬಂದವು. ಆಗ ನಾನು, ಅಥವಾ ಗೌರಮ್ಮ, ಅಥವಾ ಸಾಬರು, ಹಾರೆ ತೆಗೆದುಕೊಂಡೆವು.

ಅಮೀರ್ ಸಾಬರ ಬಗ್ಗೆ ಒಂದು ಮಾತು ಹೇಳಬೇಕು. ಬಿಸಿನೀರಿನ ಬಾಣಲೆಯ ಮುಂದೆ ಕೂತು ರೇಷ್ಮೆಗೂಡಿನಿಂದ ನೂಲು ಬಿಚ್ಚುತ್ತಲೇ ಅವರ ಆಯುಸ್ಸು ಕಳೆದಿತ್ತು. ಆವಿ ಕುಡಿದೂ ಕುಡಿದೂ ಎದೆ ಕೆಟ್ಟಾಗ ಡಾಕ್ಟರು ಸಾಕು ಎಂದರು. ಕೆಲಸ ನಿಂತಿತು, ಆದರೆ ಕೈಗಳಿಗೆ ಸುದ್ದಿ ಮುಟ್ಟಲಿಲ್ಲ. ಜಗಲಿಯ ಮೇಲೆ ಕೂತಾಗ ಅವರ ಬೆರಳುಗಳು ಗಾಳಿಯಲ್ಲಿ ಎಳೆ ಹುಡುಕುತ್ತಿದ್ದವು. ಅವರ ಹೆಂಡತಿ ಅದನ್ನು ನೋಡಲಾರದೆ ಒಳಗೆ ಹೋಗುತ್ತಿದ್ದರು. ತೋಟ ಬಂದ ಮೇಲೆ ಆ ಬೆರಳುಗಳಿಗೆ ಕಳೆ ಸಿಕ್ಕಿತು, ಬಳ್ಳಿ ಸಿಕ್ಕಿತು. ನೂಲು ಬಿಚ್ಚಿದ ಮೇಲೆ ಉಳಿಯುವ ಸತ್ತ ಹುಳುವನ್ನು ಹಳೆಯ ಸ್ನೇಹಿತರಿಂದ ಚೀಲಗಟ್ಟಲೆ ತಂದು ಅವರು ಗೊಬ್ಬರ ಹಾಕಿದರು. ಬೀದಿಯವರು ಬಹಳ ದಿನ ಮೂಗು ಮುಚ್ಚಿಕೊಂಡು ಓಡಾಡಿದರು. ಮಾರ್ಗಶಿರದ ಚಳಿಗೆ ಸೊಗಡು ತುಂಬಿದ ಅವರೆಕಾಯಿ ಬಂದಾಗ ಮುಚ್ಚಿದ ಮೂಗುಗಳೆಲ್ಲ ತೆರೆದವು. ನಮಗೆ ತೋಟವೆಂದರೆ ಸಾರು, ಹುಳಿ, ಹರಟೆ. ಸಾಬರಿಗೆ ಅದು ಕೈ.

ಹೀಗಿರುವಾಗ ನೋಟೀಸು ಬಂತು. ಮೇಲಿನ ಬೀದಿಗಳಿಗೆ ನೀರು ಏರುತ್ತಿಲ್ಲ, ಈ ಜಾಗದಲ್ಲಿ ದೊಡ್ಡ ನೀರಿನ ಟ್ಯಾಂಕು ಕಟ್ಟಬೇಕು, ಖಾಲಿ ಮಾಡಿ. ಇಲ್ಲಿ ನಗರಸಭೆಯನ್ನು ಬೈದರೆ ನನಗೆ ಸುಖವಾಗುತ್ತಿತ್ತು. ಆದರೆ ಮೇಲಿನ ಬೀದಿಯ ಹೆಂಗಸರು ಕೊಡ ಹೊತ್ತು ಏರುವುದನ್ನು ನಾನು ದಿನಾ ನೋಡುತ್ತಿದ್ದೆ. ಟ್ಯಾಂಕು ಬೇಕು ಎಂದೂ ಅನ್ನಿಸಿತು, ಇಲ್ಲೇ ಯಾಕೆ ಎಂದೂ ಅನ್ನಿಸಿತು. ಎರಡನೆಯದು ಜೋರಾಗಿದ್ದರಿಂದ ಕೋರ್ಟಿಗೆ ಹೋದೆವು.

ಸ್ಥಳ ನೋಡಿ ವರದಿ ಕೊಡಲು ಕೋರ್ಟು ಒಬ್ಬ ಕಮಿಷನರನ್ನು ನೇಮಿಸಿತು. ನಮ್ಮ ವಕೀಲರು ಗಾಬರಿಯಾದರು. "ಕಲ್ಲುಗಳೆಲ್ಲಿ? ಅವರು ಬರೋದರೊಳಗೆ ವಾಪಸ್ ನೆಡಿ. ಚೌಕ ಇದ್ದರೆ ಹಂಚಿಕೆ, ಚೌಕ ಇಲ್ಲದಿದ್ದರೆ ಒತ್ತುವರಿ." ಹುಡುಕಿದೆವು. ಒಂದು ಕಲ್ಲು ಗೌರಮ್ಮನ ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿತ್ತು. ಒಂದು ನಮ್ಮ ಗೇಟಿಗೆ ಒತ್ತು ಕೊಟ್ಟಿತ್ತು. ಉಳಿದವೂ ಹೀಗೇ ಎಲ್ಲೆಲ್ಲೋ ಸಂಸಾರಸ್ಥರಾಗಿದ್ದವು. ಎಲ್ಲವನ್ನೂ ತಂದು ಹೊಲದ ನಡುವೆ ನಿಂತೆವು. ಎಲ್ಲಿ ನೆಡಬೇಕು?

"ನಿಮ್ಮದು ಈ ನುಗ್ಗೆಗಿಡದಿಂದ ಆಚೆಗಿತ್ತು ಗೌರಮ್ಮನೋರೆ," ಎಂದರು ಸಾಬರು.

"ಒಸಿ ಸುಮ್ಕಿರಿ ಸಾಬ್ರೇ. ನುಗ್ಗೆಗಿಡ ನಾನ್ ನೆಟ್ಟಿದ್ದು. ನಿಮ್ ಜಾಗದಲ್ಲಿ ನೆಡಾಕೆ ನಂಗೇನ್ ತಲೆ ಕೆಟ್ಟಿತ್ತಾ?"

"ಹಂಗಾದ್ರೆ ಇಷ್ಟು ದಿನ ನಾನು ಗೊಬ್ಬರ ಹಾಕಿದ್ದು ನಿಮ್ಮ ಜಾಗಕ್ಕಾ?"

"ಹಾಕಿ ಅಂತ ಕೇಳಿದ್ನಾ? ಆ ನಾತ ತಡ್ಕಂಡಿದ್ದೇ ಹೆಚ್ಚು!"

ಅಂಗೈ ಅಗಲದ ಮಣ್ಣು. ಇಷ್ಟು ಕಾಲ ಒಂದೇ ಸಾಲಿನಲ್ಲಿ ಬಗ್ಗಿ ಕಾಯಿ ಕಿತ್ತವರು. ನನ್ನನ್ನು ಸಾಕ್ಷಿ ಕೇಳಿದರು. ನಾನು ನಡುವೆ ನಿಂತು, ಹಳೆಯ ಶಾಸನಗಳಲ್ಲಿ ದಾನದ ಭೂಮಿಗೆ ಎಲ್ಲೆ ಹೇಳುವಾಗ ಮೂಡಲಿಗೆ ಹುಣಿಸೆಮರ, ಪಡುವಲಿಗೆ ಹುತ್ತ ಎಂದೆಲ್ಲ ಬರೆಯುತ್ತಿದ್ದರು ಎಂದು ವಿವರಿಸಿದೆ. ಇಬ್ಬರೂ ನನ್ನನ್ನು ಒಂದೇ ಥರ ನೋಡಿದರು. ಆ ಸಂಜೆ ಅವರು ಒಮ್ಮತಕ್ಕೆ ಬಂದ ಏಕೈಕ ಕ್ಷಣ ಅದು. ಆಮೇಲೆ ಗೌರಮ್ಮ ಕೈಯಲ್ಲಿದ್ದ ಕಲ್ಲನ್ನು ಧೊಪ್ಪನೆ ಕೆಡವಿದರು. "ಈ ಕಲ್ಲಿನ ಸಾವಾಸವೇ ಬ್ಯಾಡ. ಬರೋರ್ಗೆ ಇರೋದ್ ಇದ್ದಂಗೆ ಹೇಳಾನ." ಸಾಬರು ಹಾರೆ ಎತ್ತಿಕೊಂಡು ಮನೆಗೆ ಹೋದರು. ಮರುದಿನ ತೋಟಕ್ಕೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಜಗಲಿಯ ಮೇಲೆ ಬೆರಳುಗಳು ಮತ್ತೆ ಗಾಳಿಯಲ್ಲಿ ಆಡತೊಡಗಿದವು.

ಕಮಿಷನರಾಗಿ ಬಂದವರು ಎಳೆಯ ವಕೀಲರು, ಕೈಯಲ್ಲಿ ಟೇಪು. ಅವರೆ ಗೊಂಚಲುಗೊಂಚಲಾಗಿ ಕಾಯಿ ಬಿಟ್ಟು ನಿಂತಿತ್ತು. ಅವರು ಅಳತೆ ಶುರುಮಾಡಲು ಜಾಗ ಹುಡುಕಿ ಸೋತು, "ಇದರಲ್ಲಿ ನಿಮ್ಮ ಭಾಗ ಯಾವುದಮ್ಮ?" ಎಂದು ಗೌರಮ್ಮನನ್ನು ಕೇಳಿದರು.

"ಎಲ್ಲಾನೂವೆ ಸಾ. ಎಲ್ಲಾರ್ದೂವೆ."

ನನ್ನನ್ನು ಕೇಳಿದಾಗ ನೆನಪಿಲ್ಲ ಎಂದೆ. ಜೀವನದಲ್ಲಿ ನನ್ನ ಮರೆವು ಸಾಕ್ಷ್ಯದ ಮಟ್ಟಕ್ಕೆ ಏರಿದ್ದು ಅದೊಂದೇ ಸಲ. ಅಷ್ಟರಲ್ಲಿ ಅಮೀರ್ ಸಾಬರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ನಮ್ಮ ಕಡೆ ನೋಡಲಿಲ್ಲ. ನುಗ್ಗೆಗಿಡದ ಮಾತು ಬಂದರೆ ದಾವೆ ಗೆಲ್ಲಬಹುದು, ಇನ್ನೇನೋ ಹೋಗುತ್ತದೆ.

"ನಿಮ್ಮದು ಎಲ್ಲಿಂದ ಶುರು?" ಎಂದರು ಕಮಿಷನರು.

"ಗೌರಮ್ಮನೋರದು ಮುಗಿಯೋ ಕಡೆಯಿಂದ ಸಾರ್."

"ಅವರದು ಎಲ್ಲಿ ಮುಗಿಯುತ್ತೆ?"

ಸಾಬರು ಸಾಲನ್ನು ಈ ತುದಿಯಿಂದ ಆ ತುದಿವರೆಗೆ ನೋಡಿದರು. "ಮುಗಿಯಲ್ಲ ಸಾರ್."

ಗೌರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು, ಬೆವರಿಗೆ ಎಂಬಂತೆ. ನಾವು ಕೊಡಲು ಹೋದ ಒಂದು ಹಿಡಿ ಕಾಯನ್ನೂ ಕಮಿಷನರು ಮುಟ್ಟಲಿಲ್ಲ, ತಗೊಂಡರೆ ವರದಿ ಕೆಡುತ್ತದೆ ಎಂದರು. ಆದರೆ ಬಳ್ಳಿ ಸರಿಸಿದ ಬೆರಳುಗಳನ್ನು ಹೋಗುವಾಗ ಮೂಸಿ ನೋಡಿಕೊಂಡಿದ್ದನ್ನು ನಾನು ಕಂಡೆ. ಇದಾದರೂ ನಿಜವಾಗಿ ಕಂಡದ್ದೋ, ಕಾಣಬೇಕೆಂಬ ಆಸೆಯೋ, ಆಣೆ ಮಾಡಿ ಹೇಳಲಾರೆ.

ಸೋತೆವು. ಚೌಕಗಳಿಲ್ಲ, ಷರತ್ತು ಮುರಿದಿದೆ, ಹಂಚಿಕೆ ರದ್ದು. ನಮ್ಮ ಮಾತುಗಳೇ ನಮ್ಮ ವಿರುದ್ಧದ ಸಾಕ್ಷ್ಯವಾಗಿದ್ದವು. ಕೋರ್ಟಿನಿಂದ ಬಸ್ಸಿನಲ್ಲಿ ಬರುವಾಗ ಸಮಾಧಾನಕ್ಕೆಂದು ಸಾಬರಿಗೆ ಹೇಳಿದೆ: ಕೊಟ್ಟ ಭೂಮಿಯನ್ನು ಕಿತ್ತುಕೊಂಡವರು ಹುಳವಾಗಿ ಹುಟ್ಟುತ್ತಾರೆಂದು ಶಾಸನಗಳು ಶಪಿಸುತ್ತವೆ.

"ಅದು ಶಾಪಾನಾ ಮೇಡಂ?" ಎಂದರು ಸಾಬರು. "ನಮ್ಮೂರಲ್ಲಿ ಹುಳಕ್ಕೆ ಹೊತ್ತುಹೊತ್ತಿಗೆ ಎಲೆ ಹಾಕ್ತಾರೆ, ಚಳಿ ಆದ್ರೆ ಬೆಂಕಿ ಇಡ್ತಾರೆ. ಮನುಷ್ಯರಿಗೆ ಯಾರು ಮಾಡ್ತಾರೆ?" ಹಿಂದಿನ ಸೀಟಿನಿಂದ ಗೌರಮ್ಮ, "ಕೊನೇಗ್ ಬೇಯಿಸ್ತಾರಲ್ಲ, ಅದ್ನೂ ಹೇಳಿ," ಎಂದರು. ಸೋತು ಬರುತ್ತಿರುವವರು ಅಷ್ಟು ನಗಬಾರದೆಂದು ಕಂಡಕ್ಟರ್‌ಗೆ ಗೊತ್ತಿರಲಿಲ್ಲ, ಅವನೂ ನಕ್ಕ.

ತೋಟದ ಸುತ್ತ ತಂತಿಬೇಲಿ ಬಂತು. ಟ್ಯಾಂಕಿನ ಕಂಬಗಳು ಎದ್ದವು. ಸಾಬರು ಜಗಲಿಗೆ ಮರಳಿದರು. ನಾನು ಆ ಕಡೆಯ ಕಿಟಕಿ ತೆರೆಯುವುದನ್ನು ಬಿಟ್ಟೆ. ಗೆದ್ದಿದ್ದರೆ ಚೆನ್ನಾಗಿರುತ್ತಿತ್ತೇ ಎಂದು ಕೆಲವೊಮ್ಮೆ ಕೇಳಿಕೊಳ್ಳುತ್ತಿದ್ದೆ. ಗೆಲ್ಲಲು ಕಲ್ಲು ನೆಡಬೇಕಿತ್ತು. ನೆಟ್ಟಿದ್ದರೆ ಮೂರು ಚೌಕ ಉಳಿಯುತ್ತಿತ್ತು. ಮೂರು ಬೆನ್ನುಗಳೂ ಉಳಿಯುತ್ತಿದ್ದವು.

ಮಳೆ ಬಿತ್ತು. ಒಣಗಿ ಸಿಡಿದಿದ್ದ ಬೀಜಗಳು ಬೇಲಿಯ ಬುಡದಲ್ಲಿ ಎದ್ದವು. ಯಾರೂ ಬಿತ್ತದೆ, ಯಾರೂ ನೂಲು ಹಿಡಿಯದೆ, ತಂತಿಯ ಉದ್ದಕ್ಕೂ ಒಂದೇ ನೇರ ಸಾಲು. ಸಾಬರು ಮೊದಲು ಚೊಂಬಿನಲ್ಲಿ ನೀರು ತಂದರು, ಆಮೇಲೆ ಬಕೆಟ್ಟಿನಲ್ಲಿ. ಚೀಲ ಬಂದಾಗ ಬೀದಿ ಮತ್ತೆ ಮೂಗು ಮುಚ್ಚಿತು. ಚಳಿ ಬರುವಷ್ಟರಲ್ಲಿ ನಗರಸಭೆಯ ಬೇಲಿ ಕಾಣದ ಹಾಗೆ ಅವರೆ ಹಬ್ಬಿತ್ತು.

ಮೊನ್ನೆ ನಾವು ಮೂವರೂ ಕಾಯಿ ಕೀಳುತ್ತಿದ್ದಾಗ ಟ್ಯಾಂಕಿನ ಎಂಜಿನಿಯರ್ ಬೇಲಿಯ ಒಳಗಿನಿಂದ ಕೂಗಿದರು. "ಯಾರದ್ರೀ ಈ ಬಳ್ಳಿ?"

"ನಮ್ದಲ್ಲ ಸಾ," ಎಂದರು ಗೌರಮ್ಮ ತಕ್ಷಣ. ಕೋರ್ಟು ನಮಗೂ ಒಂದಿಷ್ಟು ಕಲಿಸಿದೆ. ನನ್ನದೂ ಅಲ್ಲ ಎಂದೆ. ಸಾಬರ ಪಂಚೆಯ ಮಡಿಲು ತುಂಬಿತ್ತು. ಅವರ ಬೆರಳುಗಳು ನಿಲ್ಲಲಿಲ್ಲ. "ಬೇಲಿ ನಿಮ್ದು ಸಾರ್, ಬಳ್ಳೀನೂ ನಿಮ್ದೇ. ಕಾಯಿ ಭಾರಕ್ಕೆ ಸರ್ಕಾರಿ ಬೇಲಿ ಬಗ್ಗಬಾರದು ನೋಡಿ, ಒಸಿ ಇಳಿಸ್ತಾ ಇದೀವಿ."

ಎಂಜಿನಿಯರ್ ಬೇಲಿಯನ್ನು ನೋಡಿದರು, ಬಳ್ಳಿಯನ್ನು ನೋಡಿದರು. ತಲೆಯ ಮೇಲಿನ ಹಳದಿ ಟೋಪಿ ತೆಗೆದು ತಂತಿಯ ಮೇಲಿನಿಂದ ಈಚೆಗೆ ಚಾಚಿದರು. "ಈ ಕಡೆ ಇನ್ನೂ ಜಾಸ್ತಿ ಬಗ್ಗಿದೆ," ಎಂದರು.

ಟೋಪಿ ತುಂಬಿಸಿದವರು ಯಾರು ಎಂದು ನಾನು ದಿನಚರಿಯಲ್ಲಿ ಬರೆದಿಲ್ಲ, ಈ ಸಲ ಬೇಕೆಂದೇ. ಮುಂದೆ ಯಾರಾದರೂ ಕೇಳಿದರೆ ಮೂವರೂ 'ನಾನು' ಎನ್ನೋಣ ಎಂದು.